ಕಣದಲ್ಲಿ ‘ಆಮೇಲೆ’ ಎನ್ನುವಂತಿಲ್ಲ

ಹೊನ್ನೆಬೈಲು ಎಸ್ಟೇಟಿನ ಕಣಕ್ಕೆ ಬೆಳಿಗ್ಗೆ ಮೊದಲು ಬರುವುದು ಕೆಮ್ಮು, ಅದರ ಹಿಂದೆ ಮನುಷ್ಯರು. ನವೆಂಬರಿನ ಮಂಜು ಇನ್ನೂ ಸಿಲ್ವರ್ ಮರಗಳ ಸೊಂಟ ಬಿಟ್ಟು ಮೇಲೆದ್ದಿಲ್ಲ. ಕೂಲಿಯವರ ಲೈನ್ ಮನೆಗಳ ಕಡೆಯಿಂದ ಒಂದು ಒಣ ಕೆಮ್ಮು, ಅದಕ್ಕೆ ಉತ್ತರ ಕೊಟ್ಟಂತೆ ಒಂದು ಕಫದ ಕೆಮ್ಮು. ಕಣದ ಮೂಲೆಯ ಬೆಂಕಿಯ ಹತ್ತಿರ, ಸ್ವೆಟರಿನ ಮೇಲೆ ಬಿಳಿ ಕೋಟು ಹಾಕಿಕೊಂಡು ನಿಂತ ಮೇಘಶ್ರೀ ಕತ್ತು ಹೊರಳಿಸದೆ ಹೇಳುತ್ತಾರೆ: “ಒಣದು ಹಳೇದು, ಬೀಡಿದು. ಇನ್ನೊಂದು ಹೊಸದು. ಅದು ಯಾರದು ಅಂತ ನೋಡ್ಬೇಕು.”

ಮೇಸ್ತ್ರಿ ಗಿಡ್ಡಪ್ಪ ಹೆಸರು ಕೂಗತೊಡಗುತ್ತಾರೆ. ಹೆತ್ತವರು ಯಾವ ಧೈರ್ಯದಲ್ಲಿ ಆ ಹೆಸರಿಟ್ಟರೋ, ಆಸಾಮಿ ಯಾವ ಬಾಗಿಲಿಗೂ ತಲೆ ಬಗ್ಗಿಸಿಯೇ ಒಳಬರಬೇಕು. ಕರೆಸಿಕೊಂಡವರು ‘ಬಂದೆ’ ಎಂದು ಓಗೊಟ್ಟು, ಹಣ್ಣು ಕೊಯ್ಯುವ ಚೀಲ ಎತ್ತಿಕೊಂಡು, ಮೇಘಶ್ರೀ ಮುಂದೆ ಒಂದು ಗಳಿಗೆ ನಿಂತು ತೋಟಕ್ಕೆ ಇಳಿಯುತ್ತಾರೆ. ಆ ಒಂದು ಗಳಿಗೆಯೇ ಆಸ್ಪತ್ರೆ. ಕೆಲವರಿಗೆ “ನಾಲಿಗೆ”, ಕೆಲವರಿಗೆ “ಕಣ್ಣು”, ಒಬ್ಬಳಿಗೆ “ಆ ಗಾಯದ ಬಟ್ಟೆ ನೆನ್ನೇದೇ ಅಲ್ವಾ?” ಹೊಸ ಕೆಮ್ಮಿನ ಒಡೆಯನೂ ಕೊನೆಗೆ ಸಿಗುತ್ತಾನೆ. ಬಿಜಾಪುರದ ಕಡೆಯಿಂದ ಕೊಯ್ಲಿಗೆ ಬಂದ, ಈ ಚಳಿ ತನ್ನೊಬ್ಬನಿಗಾಗಿಯೇ ಬಿದ್ದಿದೆ ಎಂದು ನಂಬಿರುವ ಆಳು.

“ಡಿಸ್ಪೆನ್ಸರಿಗೆ ಬನ್ನಿ, ಎದೆ ನೋಡ್ಬೇಕು.”

“ಆಮ್ಯಾಲೆ ಬರ್ತೀನ್ರೀ ಅಕ್ಕಾರ.”

ಸಾಲಿನುದ್ದಕ್ಕೂ ನಗು ಹರಿದಾಡುತ್ತದೆ. ಹೊಸಬ, ಪಾಪ, ಗೊತ್ತಿಲ್ಲ. ಹಿಂದೆ ನಿಂತ ಹೆಂಗಸೊಬ್ಬರು ತಿದ್ದುತ್ತಾರೆ: “ಆ ಮಾತು ಈ ಕಣದಾಗೆ ನಡಿಯಲ್ಲ ಕಣಪ್ಪ. ಬೇರೆ ಎಂತಾದ್ರೂ ಹೇಳು.”

ಚಿಕ್ಕಮಗಳೂರಿನಿಂದ ಮಲ್ಲಂದೂರಿಗೆ ಬಂದು, ಅಲ್ಲಿಂದ ಜೀಪಿನಲ್ಲಿ ಇನ್ನೊಂದಿಷ್ಟು ಹತ್ತಿದರೆ ಸಿಗುವ ಈ ಎಸ್ಟೇಟಿನಲ್ಲಿ ಹೆಂಚಿನ ಮಾಡಿನ ಒಂದು ಡಿಸ್ಪೆನ್ಸರಿ ಇದೆ. ಒಂದು ಮಂಚ, ಒಂದು ಬೆಂಚು, ವಾರಕ್ಕೊಮ್ಮೆ ಬರುವ ಡಾಕ್ಟರು, ದಿನವೂ ಇರುವ ನರ್ಸು. ಬಾಗಿಲು ತೆರೆಯುವುದು ಒಂಬತ್ತಕ್ಕೆ. ಆ ಹೊತ್ತಿಗೆ ರೋಗಿಗಳೆಲ್ಲ ಗಿಡಗಳ ನಡುವೆ ಮಾಯವಾಗಿರುತ್ತಾರೆ. ಸಂಜೆ ಹಣ್ಣು ತೂಗಿಸಿ ಬಂದವರಿಗೆ ಒಲೆ ಹಚ್ಚುವ ಅವಸರ. ಹಾಜರಿ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಮೈ ಕೆಂಡವಾಗಿದ್ದವರೂ ಹಾಜರಿಗೆ ಬಂದೇ ಬರುತ್ತಾರೆ.

“ಮೊದ್ಲು ಒಂದು ತಿಂಗಳು ಹೆಚ್ಚುಕಮ್ಮಿ ಖಾಲಿ ಬೆಂಚೇ ನೋಡ್ಕೊಂಡು ಕೂತಿದ್ದೆ,” ಎನ್ನುತ್ತಾರೆ ಮೇಘಶ್ರೀ. “ಈ ಗುಡ್ಡದಲ್ಲಿ ಯಾರಿಗೂ ಕಾಯಿಲೆನೇ ಇಲ್ಲ ಅನ್ಕೊಬೇಕಿತ್ತು. ಒಂದಿನ ಬೆಳಿಗ್ಗೆ ಬೇಗ ಬಂದೆ. ನೋಡಿದ್ರೆ ನನ್ನ ಪೇಷೆಂಟ್‌ಗಳೆಲ್ಲ ಇಲ್ಲೇ ಸಾಲಾಗಿ ನಿಂತಿದಾರೆ, ಮೇಸ್ತ್ರಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೀತಿದಾರೆ. ಇದಕ್ಕಿಂತ ಒಳ್ಳೆ ಓಪಿಡಿ ಎಲ್ಲಿ ಸಿಗುತ್ತೆ ಹೇಳಿ?”

ಗಿಡ್ಡಪ್ಪನವರಿಗೆ ಈ ಏರ್ಪಾಡು ಸುಲಭವಾಗಿ ಒಗ್ಗಲಿಲ್ಲ. “ನಾನು ಆಳು ಕಳ್ಸೋದು, ಇವ್ರು ಹಿಡ್ಕಂಡು ನಿಲ್ಸೋದು. ಎಸ್ಟೇಟ್ ನಡಿಯೋದು ಹೆಂಗೆ ಮಾರಾಯ್ರೆ? ಆಫೀಸಿನ ರೈಟರ್ ಹತ್ರ ಕಂಪ್ಲೇಂಟ್ ಮಾಡಾಣ ಅಂತಿದ್ದೆ. ಅಷ್ಟ್ರಾಗೆ ನನ್ನ ಸಕ್ಕರೆ ಕಾಯಿಲೆನೇ ಹಿಡಿದ್ಬಿಟ್ರು. ಇನ್ನೆಂತ ಮಾತಾಡಾದು.”

ಮೇಘಶ್ರೀ ಇದೇ ಸೀಮೆಯವರು. ತಂದೆ ರುದ್ರಪ್ಪನವರದು ಗುಡ್ಡದ ತಪ್ಪಲಿನಲ್ಲಿ ಸಣ್ಣ ಹಿಡುವಳಿ: ಒಂದಿಷ್ಟು ಅರೇಬಿಕಾ, ಮೆಣಸು ಹಬ್ಬಿಸಿದ ಮರಗಳು, ಉಳಿದದ್ದೆಲ್ಲ ಮರ್ಯಾದೆ. ತೊಂಬತ್ತೇಳರಲ್ಲಿ ಮಗಳು ನರ್ಸಿಂಗ್ ಸೇರುತ್ತೇನೆಂದಾಗ ಮೊದಲು ಎದ್ದು ನಿಂತದ್ದು ಆ ಮರ್ಯಾದೆಯೇ. ತೋಟ ಇರುವ ಮನೆಯ ಹುಡುಗಿ ಕಂಡವರ ಗಾಯ ತೊಳೆಯುವುದೆಂದರೇನು? ಆದರೆ ರುದ್ರಪ್ಪ ಜಾಣರು. ಮದುವೆ ಮನೆಗಳಲ್ಲಿ ಯಾರಾದರೂ ವಿಚಾರಿಸಿದರೆ “ಮಗಳು ಮಂಗಳೂರಲ್ಲಿ ಮೆಡಿಕಲ್‌ನಲ್ಲಿದಾಳೆ” ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಊಟದ ಪಂಕ್ತಿಯ ಕಡೆ ನಡೆದುಬಿಡುತ್ತಿದ್ದರು. ನಾಲ್ಕು ವರ್ಷ ಅವರು ಎಲ್ಲ ಮದುವೆಗಳಲ್ಲೂ ಮೊದಲ ಪಂಕ್ತಿಯಲ್ಲೇ ಉಂಡರು.

“ಸುಳ್ಳೇನಲ್ವಲ್ಲ,” ಎನ್ನುತ್ತಾರೆ ರುದ್ರಪ್ಪ ಈಗ, ಜಗಲಿಯ ಮೇಲೆ ಕೂತು ಮೆಣಸಿನ ಕಡ್ಡಿ ಆರಿಸುತ್ತ. “ಮೆಡಿಕಲ್ಲೇ ಅದು. ಪೂರ್ತಿ ಹೇಳಿರ್ಲಿಲ್ಲ, ಅಷ್ಟೆ.”

ಬಿ.ಎಸ್ಸಿ. ನರ್ಸಿಂಗ್ ಮುಗಿದ ಮೇಲೆ ಮೇಘಶ್ರೀ ಮಂಗಳೂರಿನ ಆಸ್ಪತ್ರೆಯೊಂದರ ಸರ್ಜರಿ ವಾರ್ಡಿನಲ್ಲಿ ಒಂದು ವರ್ಷ ದುಡಿದರು. ಎಂ.ಎಸ್ಸಿ. ಸೇರಲು ಆ ಅನುಭವ ಬೇಕು. ವಾರ್ಡು, ಅದರ ಬೆನ್ನಿಗೆ ಎಂ.ಎಸ್ಸಿ., ಅದರ ಬೆನ್ನಿಗೆ ಪಾಠ ಹೇಳುವ ಕೆಲಸ: ಎಲ್ಲ ಮನಸ್ಸಿನಲ್ಲೇ ಸಾಲಾಗಿ ನೆಟ್ಟಾಗಿತ್ತು. ಅಷ್ಟರಲ್ಲಿ ಕಾಫಿಯ ಬೆಲೆ ನೆಲ ಕಚ್ಚಿತು. ಆಳು ಬಿಟ್ಟು ತಾವೇ ಮೆಣಸು ಕೊಯ್ಯಲು ಏಣಿ ಹತ್ತಿದ ರುದ್ರಪ್ಪನವರೂ ನೆಲ ಕಚ್ಚಿದರು. ತೊಡೆಯ ಮೂಳೆ ಮುರಿಯಿತು. ಮಗಳು ಅಪ್ಪನನ್ನು ನೋಡಿಕೊಳ್ಳಲು ಬಂದವರು ಹತ್ತಿರದ ಎಸ್ಟೇಟಿನ ಡಿಸ್ಪೆನ್ಸರಿ ಸೇರಿದರು.

“ಕೊಯ್ಲು ಮುಗಿಯೋ ತನಕ ಅಂತ ಬಂದಿದ್ದು,” ಎಂದು ನಗುತ್ತಾರೆ. “ಯಾವ ವರ್ಷದ ಕೊಯ್ಲು ಅಂತ ಯಾರೂ ಕೇಳ್ಲಿಲ್ಲ.”

ಬಂದ ಮೊದಲ ದಿನದ ಒಂದು ಕಥೆಯನ್ನು ಲೈನಿನ ಹೆಂಗಸರು ಈಗಲೂ ಹೇಳಿಕೊಂಡು ನಗುತ್ತಾರೆ. ಹಣ್ಣು ಕೊಯ್ಯುವ ಪಾಪಮ್ಮ ಕೈಗೆ ಮುಳ್ಳು ಹೊಕ್ಕಿಸಿಕೊಂಡು ಡಿಸ್ಪೆನ್ಸರಿಗೆ ಹೋಗಿದ್ದರು. ಮೇಘಶ್ರೀ ಕಾಲೇಜಿನಲ್ಲಿ ಕಲಿಸಿದಂತೆ “ಬನ್ನಿ, ಕೂತ್ಕೊಳ್ಳಿ, ನಿಮಗೆ ಎಲ್ಲಿ ನೋಯ್ತಿದೆ?” ಎಂದರು. ಪಾಪಮ್ಮ ಸರಕ್ಕನೆ ಪಕ್ಕಕ್ಕೆ ಸರಿದು, ತಮ್ಮ ಬೆನ್ನ ಹಿಂದೆ ಬಂದಿರಬಹುದಾದ ಧಣಿಗಳಿಗೆ ದಾರಿ ಬಿಟ್ಟುಕೊಟ್ಟರು. ಹಿಂದೆ ಯಾರೂ ಇರಲಿಲ್ಲ. ರುದ್ರಪ್ಪನವರ ಮಗಳು ಆಳಿಗೆ ‘ನೀವು’ ಅನ್ನುತ್ತಾಳೆಂಬ ಸುದ್ದಿ ಮುಳ್ಳು ತೆಗೆಯುವುದಕ್ಕಿಂತ ಬೇಗ ಲೈನಿಗೆ ತಲುಪಿತು.

ಅಂದಹಾಗೆ, ಮುಂದಿನ ಓದು. ನರ್ಸಿಂಗ್ ಪದವಿ ಮುಗಿಸಿದ ಹುಡುಗಿಗೆ ಇಂದು ದಾರಿಗಳಿಗೇನೂ ಬರವಿಲ್ಲ. ದಾರಿ ತೋರಿಸುವವರಿಗಂತೂ ಬರವೇ ಇಲ್ಲ. ಮೇಘಶ್ರೀಯ ಸಹಪಾಠಿ ಗಾನವಿ ರಿಯಾದಿನಲ್ಲಿದ್ದಾರೆ. ಆಗಾಗ ಫೋನು ಮಾಡಿ, “ಇನ್ನೂ ಆ ಕಾಡಲ್ಲೇ ಇದೀಯಾ ಮಾರಾಯ್ತಿ? ಇಲ್ಲಿ ಇಂಟರ್‌ವ್ಯೂ ಇದೆ ಬಾ” ಎಂದು ಕರೆಯುತ್ತಾರೆ. ಇಂಗ್ಲೆಂಡಿಗೆ ಹೋಗುವವರು ಮೊದಲು ಇಂಗ್ಲಿಷಿನ ಪರೀಕ್ಷೆ ಪಾಸು ಮಾಡಬೇಕು. ಸರ್ಕಾರಿ ಕೆಲಸ ಬೇಕೆನ್ನುವವರು ತಾಳ್ಮೆಯ ಪರೀಕ್ಷೆ ಪಾಸು ಮಾಡಬೇಕು. ಪಾಠ ಹೇಳುವ ಮನಸ್ಸಿದ್ದರೆ, ಕಟ್ಟಡಕ್ಕಿಂತ ಮೊದಲು ಬೋರ್ಡು ಏಳುತ್ತಿರುವ ನರ್ಸಿಂಗ್ ಕಾಲೇಜುಗಳಿಗೆ ಎಂ.ಎಸ್ಸಿ. ಆದವರು ಎಷ್ಟಿದ್ದರೂ ಸಾಲದು.

ಎಂ.ಎಸ್ಸಿ. ಎಂದರೂ ಯಾವುದರಲ್ಲಿ? ಔಷಧ-ಶಸ್ತ್ರಚಿಕಿತ್ಸೆಯ ಶುಶ್ರೂಷೆಯೆ, ಹೆರಿಗೆಯೆ, ಮಕ್ಕಳದೆ, ಮನೋರೋಗದ್ದೆ, ಸಮುದಾಯ ಆರೋಗ್ಯವೆ? ಇಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ರುದ್ರಪ್ಪನವರಿಗೆ ಹೃದಯದ ವಿಷಯವಾಗಬೇಕು, ಕೇಳಿದವರಿಗೆ ಹೇಳಲು ತೂಕವಾಗಿರುತ್ತದೆ. ಗಿಡ್ಡಪ್ಪ ಸಕ್ಕರೆ ಕಾಯಿಲೆಯದೇ ಒಂದು ಓದು ಇದ್ದರೆ ಒಳ್ಳೆಯದೆನ್ನುತ್ತಾರೆ. ಮಲ್ಲಂದೂರು ಬಸ್ಸಿನ ಕಂಡಕ್ಟರೂ ಟಿಕೆಟ್ ಹರಿಯುತ್ತ, “ಮೆಡಿಕಲ್-ಸರ್ಜಿಕಲ್ ತಗೊಳ್ಳಿ ಮೇಡಂ, ನಮ್ಮ ನಾದಿನಿ ಅದೇ ಮಾಡಿ ಈಗ ಐರ್ಲೆಂಡಲ್ಲಿದಾಳೆ” ಎಂದು ಸಲಹೆ ಕೊಟ್ಟಿದ್ದಾರೆ.

ಮೇಘಶ್ರೀ ಆರಿಸಿಕೊಂಡದ್ದು ಸಮುದಾಯ ಆರೋಗ್ಯ. ವಿದೇಶದಲ್ಲಿ ಅದಕ್ಕೆ ಅಷ್ಟು ಕರೆಯಿಲ್ಲ ಎಂಬುದು ಅವರಿಗೂ ಗೊತ್ತು. “ಸರ್ಜರಿ ವಾರ್ಡಲ್ಲಿ ನಂಗೆ ಎಲ್ಲಾ ಚೆನ್ನಾಗೇ ಬರ್ತಿತ್ತು. ಆದ್ರೆ ಅಲ್ಲಿಗೆ ಬರೋಷ್ಟೊತ್ತಿಗೆ ಜನ ಅರ್ಧ ಮುಗಿದುಹೋಗಿರ್ತಾರೆ. ‘ಇಷ್ಟು ದಿನ ಎಲ್ಲಿದ್ರಿ?’ ಅಂತ ಕೇಳಿ ಕೇಳಿ ನಂಗೇ ಬೇಜಾರಾಗಿತ್ತು. ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು ಎಲ್ಲಿದ್ರು ಅಂತ. ಇಲ್ಲೇ ಇದ್ರು. ಹಾಜರಿ ಸಾಲಲ್ಲಿ.”

ಆರಿಸಿಕೊಳ್ಳುವುದು ಬೇರೆ, ಹೊರಡುವುದು ಬೇರೆ. ಕಾಫಿ ಸೀಮೆಯ ಪಂಚಾಂಗದಲ್ಲಿ ಮನುಷ್ಯರ ಕೆಲಸಕ್ಕೆ ಮುಹೂರ್ತ ಸಿಗುವುದು ಕಷ್ಟ. ಅರೇಬಿಕಾ ಕೊಯ್ಲು ಮುಗಿಯಲಿ ಎನ್ನುವಷ್ಟರಲ್ಲಿ ರೋಬಸ್ಟಾ ಹಣ್ಣಾಗುತ್ತದೆ. ಅದರ ಜೊತೆಗೇ ಮೆಣಸು. ಮೆಣಸು ಒಣಗುವ ಹೊತ್ತಿಗೆ ಎಲ್ಲರೂ ಕತ್ತೆತ್ತಿ ಆಕಾಶ ನೋಡುತ್ತಾರೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ಗಿಡ ಬೆಳ್ಳಗೆ ಹೂವಾಗುವ ತನಕ ಈ ಸೀಮೆಯಲ್ಲಿ ಯಾರೂ ಯಾವುದಕ್ಕೂ ಮಾತು ಕೊಡುವುದಿಲ್ಲ. ಮದುವೆ ಮಾತುಕತೆಯೂ ಹೂಮಳೆಯಾದ ಮೇಲೆ, ಗೋಡೆಗೆ ಸುಣ್ಣವೂ ಹೂಮಳೆಯಾದ ಮೇಲೆ, ಹಲ್ಲು ಕೀಳಿಸುವುದೂ ಹೂಮಳೆಯಾದ ಮೇಲೆ. ಹೂಮಳೆಯ ಹಿಂದೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಅದರ ಹಿಂದೆ ಮುಂಗಾರು. ಮುಂಗಾರಿನಲ್ಲಿ ಹೊಸ ಕೆಲಸ ಶುರು ಮಾಡಿದವರನ್ನು ಯಾರೂ ಕಂಡಿಲ್ಲ.

ಮೇಘಶ್ರೀ ತಮ್ಮ ಕಣದಲ್ಲಿ ‘ಆಮೇಲೆ’ ಎಂಬ ಮಾತಿಗೇ ನಿಷೇಧ ಹಾಕಿದ್ದು ಈ ಕಾರಣಕ್ಕೆ. ಕಾಲಿನ ಹುಣ್ಣಿಗೆ, ಎದೆಯ ಗಂಟಿಗೆ, ಕಣ್ಣಿನ ಪೊರೆಗೆ ಎಲ್ಲಕ್ಕೂ ಅದೇ ಉತ್ತರ ಕೇಳಿ ಸಾಕಾಗಿ, ಒಂದು ಬೆಳಿಗ್ಗೆ ಗಿಡ್ಡಪ್ಪನವರಿಂದಲೇ ಡಂಗುರ ಹೊಡೆಸಿದರು. ನಿಯಮ ಎಲ್ಲರಿಗೂ ಅನ್ವಯಿಸಿತು, ಒಬ್ಬರನ್ನು ಬಿಟ್ಟು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಯ ಪ್ರಕಟಣೆ ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಮೇಘಶ್ರೀ ಅದನ್ನು ಓದುತ್ತಿದ್ದರು, ಪ್ರತಿ ವರ್ಷ ಅಪ್ಪನ ಕಾಲು, ಇಲ್ಲವೇ ಕೊಯ್ಲು, ಇಲ್ಲವೇ ಲೈನಿನಲ್ಲಿ ಜ್ವರ.

ಇದನ್ನು ಗಮನಿಸಿದವರು ಪಾಪಮ್ಮ.

ಐವತ್ತರ ಆಸುಪಾಸಿನ ಪಾಪಮ್ಮ ಹಣ್ಣು ಕೊಯ್ಯುವುದರಲ್ಲಿ ಎಸ್ಟೇಟಿಗೇ ಹೆಸರಾದವರು. ಬಾಯಿಯೂ ಕೈಯಷ್ಟೇ ಚುರುಕು. ಹೋದ ಜನವರಿಯ ಒಂದು ಬೆಳಿಗ್ಗೆ ಅವರು ಕೊಯ್ಯುವ ಚೀಲವನ್ನು ಎಂದಿನಂತೆ ಸೊಂಟಕ್ಕೆ ಬಿಗಿಯದೆ ಹೆಗಲಿಗೆ ನೇತುಹಾಕಿಕೊಂಡು ಬಂದದ್ದು ಮೇಘಶ್ರೀಯ ಕಣ್ಣಿಗೆ ಬಿತ್ತು. ಮರುದಿನವೂ ಹಾಗೆಯೇ. ಡಿಸ್ಪೆನ್ಸರಿಗೆ ಕರೆದು, ಬಾಗಿಲು ಹಾಕಿ, ಬಹಳ ಹೊತ್ತು ಬೇರೆ ಏನೇನೋ ಮಾತಾಡಿದ ಮೇಲೆ ಸಂಗತಿ ಹೊರಬಿತ್ತು. ವರ್ಷಗಟ್ಟಲೆ ಮೂಟೆ ಹೊತ್ತ ಮೈಯಲ್ಲಿ ಗರ್ಭಕೋಶ ಕೆಳಗೆ ಜಾರಿತ್ತು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಸದ್ಯಕ್ಕೆಂದು ರಬ್ಬರಿನ ಒಂದು ಬಳೆಯನ್ನು ಒಳಗಿಟ್ಟು ತಡೆದು, ಆಪರೇಷನ್ ಆಗಲೇಬೇಕೆಂದರು.

ಇದನ್ನೆಲ್ಲ ಪತ್ರಿಕೆಯಲ್ಲಿ ಹಾಕಬಹುದೇ ಎಂದು ಕೇಳಿದರೆ ಪಾಪಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. “ಬರೀರಿ. ನನ್ನಂಥೋರು ಈ ಗುಡ್ಡದಾಗೆ ಎಷ್ಟ್ ಜನ ಅವ್ರೆ, ನಾಚಿಕೆ ಪಟ್ಕಂಡು ಬಟ್ಟೆ ಬಿಗಿದ್ಕಂಡು ಓಡಾಡ್ತಾರೆ. ಓದಕ್ಕೆ ಬರ್ದಿದ್ರೆ ಮಕ್ಕಳ ಕೈಲಿ ಓದಿಸ್ಕೊಳ್ಳಿ.”

ಆಪರೇಷನ್ನಿಗೆ ಪಾಪಮ್ಮ ಕೊಟ್ಟ ಉತ್ತರ ಮಾತ್ರ ಸೀಮೆಗೆ ತಕ್ಕದ್ದೇ ಆಗಿತ್ತು. ಕೊಯ್ಲು ಮುಗಿಯಲಿ. ಹೂಮಳೆಯಾಗಲಿ. ಮಗಳ ಬಾಣಂತನವಾಗಲಿ. ಜೂನ್ ತಿಂಗಳ ಒಂದು ಸಂಜೆ ಮೇಘಶ್ರೀ ಕೊಡೆ ಹಿಡಿದು ಲೈನಿಗೇ ಹೋದರು. ಅಂದು ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದರೂ ಹೆಚ್ಚೂಕಡಿಮೆ ಒಂದೇ ಥರ ಹೇಳುತ್ತಾರೆ.

“ಪಾಪಮ್ಮ, ಈ ತಿಂಗಳಾದ್ರೂ ಹೊರಡಿ.”

“ಮಳೆ ಒಂಚೂರು ಬಿಡ್ಲಿ ಸಿಸ್ಟ್ರಮ್ಮ. ಆಮೇಲೆ.”

“ಮತ್ತೆ ಅದೇ ಮಾತು! ಆ ಮಾತು ಬಿಡಿ ಅಂತ ಎಷ್ಟು ಸಲ ಹೇಳೋದು ನಿಮ್ಗೆ?”

ಪಾಪಮ್ಮ ಒಲೆಗೆ ಸೌದೆ ದೂಡಿ, ಬೆಂಕಿ ಹತ್ತಿದ್ದು ಖಾತ್ರಿಯಾದ ಮೇಲೆ ಕೇಳಿದರು: “ನಿಮ್ಮ ದೊಡ್ಡ ಓದು ಯಾವಾಗ ಸಿಸ್ಟ್ರಮ್ಮ?”

“ಅದು ಬೇರೆ.”

“ಎಂತ ಬೇರೆ? ಬಂದಾಗಿಂದ ಕೇಳ್ತಾ ಇದೀನಿ ನಾನು. ಅಪ್ಪಯ್ಯನ ಕಾಲು ಅಂದ್ರಿ. ಅವ್ರು ಈಗ ಸಂತೆಗೆ ನಡ್ಕಂಡು ಹೋಗಿ ಮೀನು ಚೌಕಾಸಿ ಮಾಡ್ತಾರೆ. ಇದೊಂದು ಕೊಯ್ಲು ಅಂದ್ರಿ. ಕಾಫಿ ಗಿಡ ಏನು ಕೊಯ್ಲು ನಿಲ್ಸುತ್ತಾ? ನಾನು ಅಂದ್ರೆ ತಪ್ಪು, ನೀವು ಅಂದ್ರೆ ಬೇರೆ.”

ರುದ್ರಪ್ಪ ಲಿಂಗಾಯತರು, ಸಂತೆಯಲ್ಲಿ ಚೌಕಾಸಿ ಮಾಡುವುದು ಬದನೆಕಾಯಿಗೆ. ಮೀನು ಪಾಪಮ್ಮನ ಸ್ವಂತ ಸೇರ್ಪಡೆ, ಸಿಟ್ಟು ಬಂದಾಗ ಅವರು ಯಾರ ಚೀಲಕ್ಕಾದರೂ ಮೀನು ಹಾಕಬಲ್ಲರು.

ಆ ಸಂಜೆಯನ್ನು ನೆನೆದು ಮೇಘಶ್ರೀ ಹೇಳುತ್ತಾರೆ: “‘ನೀವು ಹೋದ್ರೆ ನಮ್ಗ್ಯಾರು ಗತಿ’ ಅಂದಿದ್ರೆ ಸುಲಭ ಇತ್ತು, ಕಣ್ಣೀರು ಹಾಕಿ ಇಲ್ಲೇ ಉಳಿದ್ಬಿಡ್ತಿದ್ದೆ. ಅವ್ರು ಹಂಗೆ ಅನ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ನಂಗೆ ಭಯ ಇತ್ತು. ಪುಸ್ತಕ ಮುಟ್ಟಿ ವರ್ಷಗಳಾಗಿದ್ವು. ಜೊತೇಲಿ ಓದಿದೋರು ಈಗ ಅದೇ ಕಾಲೇಜಲ್ಲಿ ಲೆಕ್ಚರರ್ಸು. ಓದೋಕೆ ಭಯ ಅಂತ ಹೇಳೋಕಾಗುತ್ತಾ? ಕೊಯ್ಲು ಅಂದ್ರೆ ಮರ್ಯಾದೆ.”

ಪಾಪಮ್ಮನೇ ಒಂದು ದಾರಿ ಹೇಳಿದರು. “ಒಂದ್ ಕೆಲ್ಸ ಮಾಡಾಣ. ನೀವು ಪರೀಕ್ಷೆಗೆ ಹೋಗೋ ದಿನ ಹೇಳಿ. ಅವತ್ತೇ ನಾನು ಆಸ್ಪತ್ರೆಗೆ ಬತ್ತೀನಿ. ನೀವು ಹೋಗ್ಲಿಲ್ಲ ಅಂದ್ರೆ ನಾನೂ ಹೋಗಲ್ಲ.”

“ಇದೇನು ಹೆದರಿಸ್ತೀರಾ ನನ್ನ?”

“ಹೆದರ್ಸೋದು ಎಂತಕ್ಕೆ? ಜೊತೆ ಆಗುತ್ತೆ ಅಂದೆ.”

ಹೀಗೆ ಆಗಸ್ಟಿನ ಜಡಿಮಳೆಯಲ್ಲಿ, ಮಲ್ಲಂದೂರಿನ ಬೆಳಗಿನ ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತು ಹೊರಟರು. ಒಬ್ಬರ ಮಡಿಲಲ್ಲಿ ಪುಸ್ತಕ, ಇನ್ನೊಬ್ಬರ ಮಡಿಲಲ್ಲಿ ತಟ್ಟೆ, ಲೋಟ, ಎರಡು ಸೀರೆಯ ಗಂಟು. ಇಬ್ಬರಿಗೂ ಹೆದರಿಕೆಯಿತ್ತೆಂದು ಬರೆದರೆ ಪಾಪಮ್ಮ ಒಪ್ಪುವುದಿಲ್ಲ: ಅವರ ಪ್ರಕಾರ ಹೆದರಿದ್ದು ಸಿಸ್ಟ್ರಮ್ಮ ಒಬ್ಬರೇ. ಚಿಕ್ಕಮಗಳೂರಿನಲ್ಲಿ ಪಾಪಮ್ಮನನ್ನು ವಾರ್ಡಿಗೆ ಸೇರಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿ, ಮೇಘಶ್ರೀ ಮಂಗಳೂರಿನ ಬಸ್ಸು ಹಿಡಿದರು. ಪರೀಕ್ಷೆ ಮರುದಿನ, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವವರು ಯಾರೂ ಅದೇ ದಿನ ತಲುಪುವ ಭರವಸೆ ಇಟ್ಟುಕೊಳ್ಳುವುದಿಲ್ಲ. ಕೊಟ್ಟಿಗೆಹಾರದಾಚೆ ಮರ ಬಿದ್ದು ಬಸ್ಸು ನಿಂತಿತು. ಪ್ರಯಾಣಿಕರು ಇಳಿದು ಟೀ ಕುಡಿದರು, ಮೇಘಶ್ರೀ ಸೀಟಿನಲ್ಲೇ ಕೂತು ಓದಿದರು. “ಆ ಮರ ಬಿದ್ದಿದ್ದು ಒಳ್ಳೇದೇ ಆಯ್ತು. ಒಂದು ಪಾಠ ಪೂರ್ತಿ ಮುಗೀತು.”

ಪಾಪಮ್ಮನ ಆಪರೇಷನ್ ಸುಸೂತ್ರವಾಯಿತು. ಎಚ್ಚರ ಬಂದ ಕೂಡಲೇ ಅವರು ಕೇಳಿದ್ದು, “ಸಿಸ್ಟ್ರಮ್ಮ ಬರದ್ರಾ?” ಎಂದು. ಬರೆದಿದ್ದರು. ಸಂದರ್ಶನವೂ ಆಯಿತು, ಸೀಟೂ ಸಿಕ್ಕಿತು. ಇನ್ನೊಂದು ವಾರದಲ್ಲಿ ತರಗತಿಗಳು ಶುರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವೇ. ಆದರೆ ಸುದ್ದಿಯನ್ನು ಕಣದಲ್ಲಿ ಸಾರುವ ಹೊಣೆಯನ್ನು ಗಿಡ್ಡಪ್ಪ ತಾವಾಗಿಯೇ ಹೊತ್ತುಕೊಂಡರು. “ನಮ್ಮ ಸಿಸ್ಟ್ರಮ್ಮ ದೊಡ್ಡ ಓದಿಗೆ ಹೋಗ್ತಾರೆ. ಎರಡು ವರ್ಷ. ಬರೋವಾಗ ದೊಡ್ಡ ಡಾಕ್ಟ್ರಾಗಿ ಬರ್ತಾರೆ!” ಎಂದು ಅವರು ಕೂಗಿದ್ದೇ ತಡ, ಸಾಲು ಚಪ್ಪಾಳೆ ಹೊಡೆಯಿತು. ಅದರ ಮಾರನೆಯ ಬೆಳಿಗ್ಗೆಯಿಂದ ಹೊನ್ನೆಬೈಲಿನಲ್ಲಿ ಕಾಯಿಲೆಯೇ ಇಲ್ಲ. ನಾಲಿಗೆ ಚಾಚುವವರಿಲ್ಲ, ನೋವು ಹೇಳುವವರಿಲ್ಲ. ಎಲ್ಲರ ಮುಖದಲ್ಲೂ ದೇವರ ಮುಂದೆ ನಿಂತ ಭಕ್ತಿ. ಕೊನೆಗೆ ಒಬ್ಬ ಮುದುಕ ಗುಟ್ಟು ಬಿಟ್ಟ: “ಎರಡೇ ವರ್ಷ ಅಲ್ವಾ ಸಿಸ್ಟ್ರಮ್ಮ? ನೀವು ಡಾಕ್ಟ್ರಾಗಿ ಬನ್ನಿ, ನನ್ನ ಮಂಡಿ ನಿಮ್ಗೇ ತೋರ್ಸ್ತೀನಿ. ಕಾಯ್ತೀನಿ ನಾನು.”

ಇಡೀ ಎಸ್ಟೇಟು ತನ್ನ ಕಾಯಿಲೆಗಳನ್ನು ಅವರಿಗಾಗಿ ಜೋಪಾನವಾಗಿ ಎತ್ತಿಡಲು ತೀರ್ಮಾನಿಸಿಬಿಟ್ಟಿತ್ತು. ಪ್ರೀತಿಯಿಂದಲೇ.

“ಅವತ್ತು ರಾಜೀನಾಮೆ ವಾಪಸ್ ತಗೊಳ್ಳೋಣ ಅನ್ನಿಸ್ತು,” ಎನ್ನುತ್ತಾರೆ ಮೇಘಶ್ರೀ. ಮರುದಿನ ಹಾಜರಿಯ ಮೊದಲು ಬೆಂಕಿಯ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತು ಹೇಳಿದರು: ನಾನು ಡಾಕ್ಟರ್ ಆಗುವುದಿಲ್ಲ. ನರ್ಸಾಗಿಯೇ ಹೋಗುತ್ತೇನೆ, ನರ್ಸಾಗಿಯೇ ಬರುತ್ತೇನೆ, ಇನ್ನಷ್ಟು ಕಲಿತ ನರ್ಸಾಗಿ. ಸಾಲಿಗೆ ಇದು ಅಷ್ಟು ರುಚಿಸಲಿಲ್ಲ. ಮತ್ತೂ ಎರಡು ವರ್ಷ ಓದಿ ನರ್ಸೇ ಆಗುವುದಾದರೆ ಓದುವುದೇಕೆ ಎಂಬ ಸಂಶಯ ಎಲ್ಲರ ಮುಖದಲ್ಲಿ. ಅಂದು ಸಂಜೆ ರುದ್ರಪ್ಪನವರ ಮುಖದಲ್ಲೂ ಸ್ವಲ್ಪ ಇತ್ತಂತೆ.

ಈಗ ಡಿಸ್ಪೆನ್ಸರಿಗೆ ಕಳಸದ ಕಡೆಯ ಸರಸ್ವತಿ ಎಂಬ ಹೊಸ ನರ್ಸು ಬರುವುದು ಗೊತ್ತಾಗಿದೆ. ಔಷಧಿ, ಇಂಜೆಕ್ಷನ್ನು, ಡಾಕ್ಟರಿಗೆ ವರದಿ ಎಲ್ಲ ಅವರ ಪಾಲಿಗೆ. ಆದರೆ ಯಾರ ಚೀಲ ಸೊಂಟದಿಂದ ಹೆಗಲಿಗೆ ಏರಿತು ಎಂಬುದು ಹೊಸಬರಿಗೆ ಕಾಣಲು ಕಾಲ ಬೇಕು. ಆ ಕೆಲಸಕ್ಕೆ ಮೇಘಶ್ರೀ ಹಿಡಿದದ್ದು ಮುದ್ದಮ್ಮನನ್ನು. ಕೂಲಿಯವರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಮಕ್ಕಳ ಮನೆಯ ಆಯಾ. ಈಗ ಸಾಲಿನಲ್ಲಿ ನಿಲ್ಲುವ ಅರ್ಧ ಜನ ಒಂದು ಕಾಲದಲ್ಲಿ ಮುದ್ದಮ್ಮನ ತೊಟ್ಟಿಲಲ್ಲಿ ಮಲಗಿದವರು.

“ಮಾತ್ರೆ ಮುಟ್ಟೋ ಹಂಗಿಲ್ಲ, ಸೂಜಿ ಮುಟ್ಟೋ ಹಂಗಿಲ್ಲ,” ಎಂದು ಮುದ್ದಮ್ಮ ತಮ್ಮ ಹೊಸ ಹುದ್ದೆಯನ್ನು ವಿವರಿಸುತ್ತಾರೆ. “ನೋಡೋದು, ಹಿಡ್ಯೋದು, ಡಿಸ್ಪೆನ್ಸರಿಗೆ ಅಟ್ಟೋದು. ಇವ್ರ ಮೂತಿ ನಂಗೆ ಗೊತ್ತಿಲ್ವಾ? ಸುಳ್ಳು ಹೇಳಿ ಅಳ್ತಾವೋ ನಿಜವಾಗ್ಲೂ ಅಳ್ತಾವೋ ಅಂತ ಆವಾಗ್ಲೇ ಕಂಡ್ಕಂಡಿದೀನಿ. ಈಗ ಮೀಸೆ ಬಂದೈತೆ ಅಷ್ಟೆ.”

ಮೊದಲ ದಿನ ಮುದ್ದಮ್ಮನ ಮುಂದೆ ಯಾರೂ ನಿಲ್ಲಲಿಲ್ಲ. ಆಯಾಗೆ ನಾಲಿಗೆ ತೋರಿಸುವುದೇ? ಆಗ ಸಾಲಿನಿಂದ ಹೊರಗೆ ಬಂದವರು ಪಾಪಮ್ಮ. ಆಪರೇಷನ್ ಆದ ಮೇಲೆ ಅವರಿಗೆ ಮೂಟೆ ಹೊರುವ ಕೆಲಸ ಇಲ್ಲ. ಕಣದಲ್ಲಿ ಸಿಪ್ಪೆ ಸುಲಿದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಗೆ ಕೈಯಾಡಿಸುವ ಕೆಲಸ ಕೊಡಿಸಲಾಗಿದೆ. ಎಲ್ಲರಿಗೂ ಕಾಣುವಂತೆ ಬಂದು ಮುದ್ದಮ್ಮನ ಮುಂದೆ ನಿಂತು, ಇಷ್ಟುದ್ದ ನಾಲಿಗೆ ಚಾಚಿದರು. ಮುದ್ದಮ್ಮ ಗಂಭೀರವಾಗಿ ನೋಡಿ, “ಎಲೆ ಅಡಿಕೆ ಕಮ್ಮಿ ಮಾಡು” ಎಂದರು. ಸಾಲು ನಕ್ಕಿತು. ನಗುತ್ತಲೇ ಎರಡನೆಯವರು ಬಂದು ನಿಂತರು.

ಎರಡು ವರ್ಷದ ಮೇಲೆ ಏನು? ಮೇಘಶ್ರೀಯ ಯೋಜನೆ ಕೇಳುವುದಕ್ಕೆ ಅಂಥ ದೊಡ್ಡದಲ್ಲ. ಪಾಠ ಹೇಳಬೇಕು, ಅದೂ ಈ ಜಿಲ್ಲೆಯಲ್ಲೇ. ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಹಳ್ಳಿಯ ಆರೋಗ್ಯ ನೋಡಿ ಕಲಿಯುವ ದಿನಗಳಿರುತ್ತವೆ. ಕಾಲೇಜಿನ ಬಸ್ಸು ಊರಾಚೆಯ ಅನುಕೂಲದ ಹಳ್ಳಿಯೊಂದರಲ್ಲಿ ನಿಲ್ಲುತ್ತದೆ, ಹುಡುಗಿಯರು ಮಧ್ಯಾಹ್ನ ಬಾಗಿಲು ತಟ್ಟುತ್ತಾರೆ, ಮನೆಯಲ್ಲಿ ಯಾರೂ ಇರುವುದಿಲ್ಲ. “ನಾವೂ ಹಂಗೇ ಮಾಡಿದ್ವಿ. ಬೀಗ ನೋಡ್ಕೊಂಡು ಬಂದ್ವಿ. ನಾನು ಪಾಠ ಹೇಳೋ ಕಾಲಕ್ಕೆ ಆ ಬಸ್ಸು ಮಲ್ಲಂದೂರು ದಾಟ್ಬೇಕು. ಹುಡುಗೀರು ಬೆಳಿಗ್ಗೆ ಕತ್ಲೆಗೇ ಬಂದು ಈ ಬೆಂಕಿ ಪಕ್ಕ ನಿಲ್ಬೇಕು. ಇಷ್ಟೇ ಆಸೆ. ಹೊನ್ನೆಬೈಲಲ್ಲಿ ಆದ್ರೆ ಬೇರೆ ಎಸ್ಟೇಟಲ್ಲಿ ಯಾಕಾಗ್ಬಾರ್ದು?” ಅದರಾಚೆ ಪಿಎಚ್.ಡಿ. ಏನಾದರೂ? ಬಾಯಿಯವರೆಗೂ ಬಂದ ಒಂದು ಮಾತನ್ನು ಅವರು ನುಂಗಿಕೊಳ್ಳುವುದು ಕಾಣುತ್ತದೆ. “ಅದನ್ನ ಈಗ ಕೇಳ್ಬೇಡಿ.”

ರುದ್ರಪ್ಪನವರೂ ಸುಧಾರಿಸಿಕೊಂಡಿದ್ದಾರೆ. ಹೋದ ವಾರ ಚಿಕ್ಕಮಗಳೂರಿನ ಮದುವೆಯೊಂದರಲ್ಲಿ ಪರಿಚಯದವರು ಮಗಳ ವಿಷಯ ಕೇಳಿದಾಗ, “ನರ್ಸು. ಇನ್ನೂ ಮುಂದೆ ಓದ್ತಾಳೆ” ಎಂದು ಎರಡೂ ಮಾತನ್ನು ಪೂರ್ತಿ ಹೇಳಿದರಂತೆ. ಮುಂದಿನ ಪ್ರಶ್ನೆಗಳಿಗೆಲ್ಲ ನಿಂತು ಉತ್ತರ ಕೊಡುವಷ್ಟರಲ್ಲಿ ಮೊದಲ ಪಂಕ್ತಿ ಎದ್ದುಹೋಗಿತ್ತು.

ಇತ್ತ ಕಣದಲ್ಲಿ ಮಂಜು ಏಳುತ್ತಿದೆ. ಬಿಜಾಪುರದ ಆಳು ಡಿಸ್ಪೆನ್ಸರಿಯ ಬೆಂಚಿನ ಮೇಲೆ ಮುದುಡಿ ಕೂತಿದ್ದಾನೆ. ಅವನನ್ನು ತೋಳು ಹಿಡಿದು ಒಯ್ದು ಕೂರಿಸಿದ್ದು ಮುದ್ದಮ್ಮ. ಸಾಲಿನ ಬಾಲ ಮುಂದೆ ಸರಿಯುತ್ತದೆ. ಬಿಜಾಪುರದವನ ನಂತರ ಬಂದವರನ್ನೆಲ್ಲ ಮುದ್ದಮ್ಮನೇ ನೋಡಿದ್ದಾರೆ. ಮೇಘಶ್ರೀ ಹಿಂದೆ ನಿಂತು, ಬಾಯಿ ಹಾಕಬಾರದೆಂದು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಬಿಗಿಹಿಡಿದಿದ್ದಾರೆ, ಕೈಯಿಂದಲೇ ಮಾತಾಡುವವರಂತೆ. ಕೊನೆಯವನೂ ತೋಟಕ್ಕೆ ಇಳಿಯುವಾಗ ಮುದ್ದಮ್ಮ ತಿರುಗಿ ನೋಡುತ್ತಾರೆ.

“ಇಲ್ಲಿ ಬನ್ನಿ ಸಿಸ್ಟ್ರಮ್ಮ.”

“ಯಾಕೆ?”

“ಬನ್ನಿ ಅಂದೆ. ಬೆಂಕಿ ಪಕ್ಕದಾಗೇ ನಿಂತೀರಿ, ಆದ್ರೂ ನಡುಗ್ತಾ ಇದೀರಿ. ಬೆಳಿಗ್ಗೆಯಿಂದ ನೋಡ್ತಾ ಇದೀನಿ.” ಮುದ್ದಮ್ಮ ಕೈಯ ಹಿಂಬದಿಯನ್ನು ಮೇಘಶ್ರೀಯ ಕತ್ತಿಗೆ ಒತ್ತುತ್ತಾರೆ, ಕೂಸಿನ ಜ್ವರ ನೋಡುವಂತೆ. “ಮೈ ಸುಡ್ತೈತೆ. ಹೋಗಿ ಮಲಗಿ.”

“ಏನಿಲ್ಲ ಮುದ್ದಮ್ಮ, ಹೋಗೋಕೆ ಮುಂಚೆ ಕೆಲ್ಸ ರಾಶಿ ಇದೆ. ಮಾತ್ರೆ ತಗೋತೀನಿ, ಆಮೇಲೆ...”

ಕಣದ ಆ ತುದಿಯಲ್ಲಿ ಪಾರ್ಚ್‌ಮೆಂಟಿಗೆ ಕೈಯಾಡಿಸುತ್ತಿದ್ದ ಪಾಪಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಗಿಡ್ಡಪ್ಪ ಹಾಜರಿ ಪುಸ್ತಕ ಮುಚ್ಚುವುದನ್ನು ಬಿಟ್ಟು ಕತ್ತೆತ್ತುತ್ತಾರೆ. ತೋಟಕ್ಕೆ ಇಳಿಯುತ್ತಿದ್ದವನೂ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಾನೆ.

ಮೇಘಶ್ರೀ ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಜೇಬಿನಿಂದ ಕೈ ತೆಗೆದು, ಬಿಳಿ ಕೋಟು ಬಿಚ್ಚಿ ಮುದ್ದಮ್ಮನ ತೋಳಿನ ಮೇಲೆ ಹಾಕುತ್ತಾರೆ.

“ನೋಡಿದ್ರಲ್ಲ,” ಎನ್ನುತ್ತಾರೆ, ಡಿಸ್ಪೆನ್ಸರಿಯ ಕಡೆ ನಡೆಯುತ್ತ, ನಗು ತಡೆಯಲಾಗದೆ. “ಇನ್ನು ನಾನು ಧೈರ್ಯವಾಗಿ ಹೋಗ್ಬೋದು.”